ಕಾರಿನ ಸರಿಯಾದ ಬಿಡಿಭಾಗ ಸಿಗೋದು ಹೇಗೆ? ನಾಗಪುರದಿಂದ ಬೆಂಗಳೂರಿನ ಜೆಸಿ ರಸ್ತೆವರೆಗೆ ಗ್ಯಾರೇಜುಗಳ ಕೈ ಹಿಡಿದ ಎಲೆಕ್ಟ್ರಾನಿಕ್ ಪಾರ್ಟ್ಸ್ ಕ್ಯಾಟಲಾಗ್

ನಾಗಪುರ: ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 44 ಹಿಡಿದು ಉತ್ತರಕ್ಕೆ ಹೊರಟರೆ ಹೈದರಾಬಾದ್ ದಾಟಿ ಸುಮಾರು 1,100 ಕಿ.ಮೀ. ದೂರದಲ್ಲಿ ನಾಗಪುರ ಸಿಗುತ್ತದೆ. ಕಾಶಿ, ಪ್ರಯಾಗ, ಅಯೋಧ್ಯೆ ಎಂದು ಸ್ವಂತ ಕಾರಿನಲ್ಲಿ ಹೊರಡುವ ಕನ್ನಡಿಗರಲ್ಲಿ ಹೆಚ್ಚಿನವರು ಇದೇ ದಾರಿಯಲ್ಲಿ ಹೋಗುತ್ತಾರೆ. 2025ರ ಜನವರಿ, ಫೆಬ್ರವರಿಯಲ್ಲಿ ಮಹಾಕುಂಭಮೇಳಕ್ಕೆ ಹೊರಟ ಕರ್ನಾಟಕ ನೋಂದಣಿಯ ಕಾರುಗಳೂ ನಾಗಪುರ, ಜಬಲ್ಪುರ ಮಾರ್ಗವಾಗಿಯೇ ಸಾಗಿದ್ದವು. ಪೂರ್ವ-ಪಶ್ಚಿಮದ ಹೆದ್ದಾರಿ 53 ಕೂಡ ಇದೇ ಊರನ್ನು ಹಾದುಹೋಗುತ್ತದೆ. ಮುಂಬೈಗೆ ಹೋಗುವ 701 ಕಿ.ಮೀ. ಉದ್ದದ ಸಮೃದ್ಧಿ ಎಕ್ಸ್‌ಪ್ರೆಸ್‌ವೇ ಶುರುವಾಗುವುದೂ ಇಲ್ಲಿಂದಲೇ.

ಹೀಗಾಗಿ ನಾಗಪುರದ ಗ್ಯಾರೇಜುಗಳಿಗೆ ಬರುವ ಕಾರುಗಳು ಆ ಊರಿನವಷ್ಟೇ ಅಲ್ಲ. ಕೆಎ, ಟಿಎಸ್, ಎಂಪಿ, ಡಿಎಲ್, ಎಲ್ಲ ನಂಬರ್ ಪ್ಲೇಟುಗಳೂ ಬಂದು ನಿಲ್ಲುತ್ತವೆ. ಮಾಲೀಕರಿಗೆ ಅವಸರ, ಮಾರನೇ ದಿನವೇ ಹೊರಡಬೇಕು. ಕೆಟ್ಟಿದ್ದು ಏನೆಂದು ಅನುಭವಿ ಮೆಕ್ಯಾನಿಕ್‌ಗೆ ಅರ್ಧ ಗಂಟೆಯಲ್ಲಿ ಗೊತ್ತಾಗಿರುತ್ತದೆ. ಆದರೆ ಆ ಕಾರಿಗೆ ಕೂರುವ ಭಾಗ ಯಾವುದು, ಅದರ ನಂಬರ್ ಏನು, ಬೆಲೆ ಎಷ್ಟು, ಎಲ್ಲಿದೆ ಎನ್ನುವುದರಲ್ಲೇ ದಿನ ಕಳೆದುಹೋಗುತ್ತದೆ. ತಪ್ಪು ಪಾರ್ಟ್ ಬಂದರೆ ಇನ್ನೂ ಎರಡು ದಿನ ಕಾಯಬೇಕು. ಈ ಹುಡುಕಾಟವನ್ನು ಕೆಲವು ನಿಮಿಷಗಳಿಗೆ ಇಳಿಸಿರುವುದೇ ಎಲೆಕ್ಟ್ರಾನಿಕ್ ಪಾರ್ಟ್ಸ್ ಕ್ಯಾಟಲಾಗ್. ಈ ಕೆಲಸದವರ ಬಾಯಲ್ಲಿ ಇದು ಇಪಿಸಿ.

ಏನಿದು ಇಪಿಸಿ?

ಸರಳವಾಗಿ ಹೇಳುವುದಾದರೆ, ಒಂದು ಕಾರನ್ನು ಬಿಚ್ಚಿ ಅದರ ಪ್ರತಿ ಬೋಲ್ಟು, ವಾಷರು, ಪೈಪು, ಬಲ್ಬನ್ನು ಚಿತ್ರದಲ್ಲಿ ಹರಡಿಟ್ಟು, ಒಂದೊಂದಕ್ಕೂ ನಂಬರ್ ಕೊಟ್ಟಿರುವ ಕಂಪ್ಯೂಟರ್ ಕಡತ. ಒಂದು ಸಾಮಾನ್ಯ ಕಾರಿನಲ್ಲಿ ಸಣ್ಣಪುಟ್ಟದ್ದೂ ಸೇರಿ ಸಾವಿರಾರು ಭಾಗಗಳಿರುತ್ತವೆ. ಅಷ್ಟನ್ನೂ ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ಸಸ್ಪೆನ್ಷನ್, ಬಾಡಿ, ಎಲೆಕ್ಟ್ರಿಕಲ್ ಎಂದು ಗುಂಪು ಮಾಡಿರುತ್ತಾರೆ.

ಇದನ್ನು ಸರ್ವೀಸ್ ಮ್ಯಾನ್ಯುಯಲ್ ಜೊತೆ ಬೆರೆಸಿಕೊಳ್ಳಬಾರದು. ಭಾಗವನ್ನು ಹೇಗೆ ಬಿಚ್ಚಬೇಕು, ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು ಎನ್ನುವುದನ್ನು ಮ್ಯಾನ್ಯುಯಲ್ ಹೇಳುತ್ತದೆ. ಯಾವ ಭಾಗ, ಎಷ್ಟು ಬೇಕು, ನಂಬರ್ ಏನು ಎನ್ನುವುದನ್ನು ಕ್ಯಾಟಲಾಗ್ ಹೇಳುತ್ತದೆ. ಬಿಲ್, ಸ್ಟಾಕ್, ಜಾಬ್ ಕಾರ್ಡ್ ನೋಡಿಕೊಳ್ಳುವುದು ಡೀಲರ್‌ಗಳ ಬಳಿಯಿರುವ ಮೂರನೆಯ ಸಾಫ್ಟ್‌ವೇರ್. ದೊಡ್ಡ ವರ್ಕ್‌ಶಾಪ್‌ಗಳಲ್ಲಿ ಈ ಮೂರೂ ಒಂದಕ್ಕೊಂದು ಜೋಡಣೆಯಾಗಿರುತ್ತವೆ. ಸಣ್ಣ ಗ್ಯಾರೇಜಿನಲ್ಲಿ ಮೂರೂ ಕೆಲಸವನ್ನು ಒಬ್ಬ ಮಾಲೀಕ, ಒಂದು ಮೊಬೈಲ್ ಮತ್ತು ಒಂದು ನೋಟ್‌ಬುಕ್ ಮಾಡುತ್ತವೆ!

ಅಂಬಾಸಿಡರ್ ಕಾಲದಲ್ಲಿ ಇದರ ಅಗತ್ಯ ಇರಲಿಲ್ಲ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡುತ್ತಿದ್ದ ಕಾಲದಲ್ಲಿ ಮಾದರಿಗಳೇ ಬೆರಳೆಣಿಕೆ. ವರ್ಷಗಳು ಉರುಳಿದರೂ ಎಂಜಿನ್ ಹೆಚ್ಚು ಬದಲಾಗುತ್ತಿರಲಿಲ್ಲ. ಹಳೆಯ ಭಾಗವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೆಂಗಳೂರಿನ ಜೆಸಿ ರಸ್ತೆಗೋ, ದೆಹಲಿಯ ಕಾಶ್ಮೀರಿ ಗೇಟ್‌ಗೋ ಹೋಗಿ ಕೌಂಟರ್ ಮೇಲಿಟ್ಟರೆ, ಅಂಗಡಿಯವರು ನೋಡಿದ ಕೂಡಲೇ ಒಳಗಿನಿಂದ ಹೊಸದನ್ನು ತಂದುಕೊಡುತ್ತಿದ್ದರು. ಕ್ಯಾಟಲಾಗ್ ಅವರ ತಲೆಯಲ್ಲಿತ್ತು.

1983ರಲ್ಲಿ ಮಾರುತಿ 800 ಬಂದ ಮೇಲೂ ಬಹುಕಾಲ ಮುದ್ರಿತ ಪಾರ್ಟ್ಸ್ ಪುಸ್ತಕಗಳೇ ನಡೆದವು. ವಿದೇಶಗಳಲ್ಲಿ ಅಷ್ಟರಲ್ಲಾಗಲೇ ಮೈಕ್ರೋಫಿಶ್ ಬಳಕೆಯಲ್ಲಿತ್ತು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಫಿಲ್ಮ್ ಹಾಳೆಯಲ್ಲಿ ನೂರಾರು ಪುಟಗಳನ್ನು ಚಿಕ್ಕದಾಗಿಸಿ ಅಚ್ಚು ಮಾಡಿ, ಬೆಳಕಿನ ಯಂತ್ರದಲ್ಲಿಟ್ಟು ದೊಡ್ಡದಾಗಿ ನೋಡುವ ವ್ಯವಸ್ಥೆ ಅದು. 1990ರ ದಶಕದಲ್ಲಿ ಸಿಡಿಗಳು ಬಂದವು, ಆಮೇಲೆ ಡಿವಿಡಿ, ಈಗ ಬಹುತೇಕ ಎಲ್ಲವೂ ಆನ್‌ಲೈನ್. ಫೋಕ್ಸ್‌ವ್ಯಾಗನ್ ಸಮೂಹದ ಇಟಿಕೆಎ, ಬಿಎಂಡಬ್ಲ್ಯೂನ ಇಟಿಕೆ, ಆಸ್ಟ್ರೇಲಿಯಾದ ಇನ್ಫೋಮೀಡಿಯಾ ಕಂಪನಿಯ ಮೈಕ್ರೋಕ್ಯಾಟ್ ಈ ಕ್ಷೇತ್ರದ ಹಳೆಯ ಹೆಸರುಗಳು.

ಪುಸ್ತಕ ಹೋಗಿ ಕಂಪ್ಯೂಟರ್ ಬರಲು ಮುಖ್ಯ ಕಾರಣ ಮಾದರಿಗಳ ಸಂಖ್ಯೆ. ಉದಾಹರಣೆಗೆ ಮಾರುತಿ ಸ್ವಿಫ್ಟ್ ನೋಡಿ. 2005ರಲ್ಲಿ ಭಾರತಕ್ಕೆ ಬಂದ ಈ ಕಾರು 2011, 2018 ಮತ್ತು 2024ರಲ್ಲಿ ಪೂರ್ತಿ ಹೊಸ ರೂಪ ಪಡೆಯಿತು. ನಡುವೆ ಪೆಟ್ರೋಲ್ ಎಂಜಿನ್‌ಗಳು ಬದಲಾದವು, ಡೀಸೆಲ್ ಬಂದು ಹೋಯಿತು, 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಕಡ್ಡಾಯವಾಯಿತು, 2023ರ ಏಪ್ರಿಲ್‌ನಲ್ಲಿ ಅದರ ಎರಡನೇ ಹಂತ ಬಂತು. "ಸ್ವಿಫ್ಟ್‌ಗೆ ಒಂದು ಹೆಡ್‌ಲೈಟ್ ಕೊಡಿ" ಎಂದು ಈಗ ಕೇಳಿದರೆ ಅಂಗಡಿಯವರು ಕನಿಷ್ಠ ನಾಲ್ಕು ಪ್ರಶ್ನೆ ಕೇಳಬೇಕಾಗುತ್ತದೆ.

17 ಅಕ್ಷರಗಳ ಜಾತಕ

ಆ ನಾಲ್ಕು ಪ್ರಶ್ನೆಗಳಿಗೂ ಒಂದೇ ಉತ್ತರ ಕೊಡುವುದು ಚಾಸಿ ನಂಬರ್. ತಾಂತ್ರಿಕವಾಗಿ ಇದರ ಹೆಸರು ವೆಹಿಕಲ್ ಐಡೆಂಟಿಫಿಕೇಷನ್ ನಂಬರ್, ಅಂದರೆ ವಿಐಎನ್. ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಸೇರಿ ಒಟ್ಟು 17. ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗದಿರಲೆಂದು ಐ, ಓ, ಕ್ಯೂ ಎಂಬ ಮೂರು ಅಕ್ಷರಗಳನ್ನು ಇದರಲ್ಲಿ ಬಳಸುವುದೇ ಇಲ್ಲ. ನಿಮ್ಮ ಆರ್‌ಸಿಯ ನಕಲಿನಲ್ಲಿ ಚಾಸಿ ನಂಬರಿನ ನಡುವೆ 'ಓ' ಇದ್ದಂತೆ ಕಂಡರೆ ಅದು ಸೊನ್ನೆ ಎಂದೇ ತಿಳಿಯಿರಿ.

ಮೊದಲ ಮೂರು ಅಕ್ಷರ ತಯಾರಕರನ್ನು ಹೇಳುತ್ತವೆ. ಎಂಎ3 ಎಂದರೆ ಮಾರುತಿ ಸುಜುಕಿ, ಎಂಎಟಿ ಎಂದರೆ ಟಾಟಾ ಮೋಟಾರ್ಸ್, ಎಂಎಎಲ್ ಎಂದರೆ ಹ್ಯುಂಡೈ, ಎಂಎ1 ಎಂದರೆ ಮಹೀಂದ್ರ. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಕಿರ್ಲೋಸ್ಕರ್ ಕಾರುಗಳು ಎಂಬಿಜೆ ಎಂದು ಶುರುವಾಗುತ್ತವೆ. ನಂತರದ ಅಕ್ಷರಗಳಲ್ಲಿ ಮಾದರಿ, ಬಾಡಿ, ಎಂಜಿನ್ ವಿವರ ಅಡಗಿರುತ್ತದೆ. ಬಹುಪಾಲು ಕಂಪನಿಗಳಲ್ಲಿ ಹತ್ತನೆಯ ಅಕ್ಷರ ವರ್ಷದ ಸಂಕೇತ: 2018ಕ್ಕೆ ಜೆ, 2020ಕ್ಕೆ ಎಲ್, 2023ಕ್ಕೆ ಪಿ, 2025ಕ್ಕೆ ಎಸ್. ಕೊನೆಯ ಅಂಕಿಗಳು ಆ ಕಾರಿನ ಸರಣಿ ಸಂಖ್ಯೆ.

ಸರಣಿ ಸಂಖ್ಯೆಯ ಮಹತ್ವ ಹೊರಗಿನವರಿಗೆ ತಕ್ಷಣ ಹೊಳೆಯುವುದಿಲ್ಲ. ಕಾರ್ಖಾನೆಗಳು ವರ್ಷದ ನಡುವೆಯೇ ಯಾವ ಪ್ರಕಟಣೆಯೂ ಇಲ್ಲದೆ ಸಣ್ಣ ಬದಲಾವಣೆ ಮಾಡುತ್ತಿರುತ್ತವೆ. ಬ್ರೇಕ್ ಪ್ಯಾಡಿನ ಸರಬರಾಜುದಾರ ಬದಲಾಗಬಹುದು, ಸೆನ್ಸರಿನ ಪ್ಲಗ್ ಎರಡು ಪಿನ್‌ನಿಂದ ಮೂರು ಪಿನ್ ಆಗಬಹುದು. ಮಾರ್ಚ್‌ನಲ್ಲಿ ಕೊಂಡ ಕಾರಿಗೂ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೊಂಡ ಕಾರಿಗೂ ಹೊರನೋಟಕ್ಕೆ ವ್ಯತ್ಯಾಸವೇ ಇರುವುದಿಲ್ಲ. ಕ್ಯಾಟಲಾಗ್‌ನಲ್ಲಿ ಮಾತ್ರ "ಇಂಥ ಚಾಸಿ ನಂಬರ್‌ವರೆಗೆ ಈ ಭಾಗ, ಅಲ್ಲಿಂದ ಮುಂದೆ ಆ ಭಾಗ" ಎಂದು ಗೆರೆ ಎಳೆದಿರುತ್ತದೆ. ಇಸವಿ ಹೇಳಿ ಪಾರ್ಟ್ ತರಿಸುವವರು ಎಡವುವುದು ಇಲ್ಲೇ.

ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಇನ್ನೊಂದು ಸುಳಿವಿದೆ. ಸ್ಟೆಪ್ನಿ ಇಡುವ ಜಾಗದಲ್ಲಿ ಮತ್ತು ಸರ್ವೀಸ್ ಪುಸ್ತಕದಲ್ಲಿ ಅಂಟಿಸಿರುವ ಚೀಟಿಯಲ್ಲಿ ಪಿಆರ್ ಕೋಡ್ ಎಂಬ ಮೂರು ಅಕ್ಷರಗಳ ಸಂಕೇತಗಳ ಸಾಲೇ ಇರುತ್ತದೆ. ಆ ಕಾರಿಗೆ ಯಾವ ಅಳತೆಯ ಬ್ರೇಕ್, ಯಾವ ಸಸ್ಪೆನ್ಷನ್ ಹಾಕಿದ್ದಾರೆ ಎಂಬುದು ಅದರಿಂದ ಗೊತ್ತಾಗುತ್ತದೆ. ಕಾರು ತೊಳೆಯುವಾಗ ಆ ಚೀಟಿ ಕಿತ್ತುಹೋಗದಂತೆ ನೋಡಿಕೊಳ್ಳುವುದು ಒಳ್ಳೆಯದು.

ಡೈನಮೋ, ಸೆಲ್ಫ್, ಶಾಕರ್: ಹೆಸರಿನ ಗೊಂದಲ

ಬೆಂಗಳೂರಿನ ಚಾಲಕರು ನಾಗಪುರದ ಮೆಕ್ಯಾನಿಕ್ ಜೊತೆ ಹರಕುಮುರುಕು ಹಿಂದಿಯಲ್ಲಿ ಮಾತಾಡುತ್ತಾರೆ. ಅವರು ಮರಾಠಿ ಬೆರೆತ ಹಿಂದಿಯಲ್ಲಿ ಉತ್ತರಿಸುತ್ತಾರೆ. ಇಬ್ಬರೂ ಡೈನಮೋ ಎನ್ನುವುದನ್ನು ಕ್ಯಾಟಲಾಗ್ ಆಲ್ಟರ್ನೇಟರ್ ಅಥವಾ ಜನರೇಟರ್ ಎನ್ನುತ್ತದೆ. ಸೆಲ್ಫ್ ಎಂದರೆ ಅಲ್ಲಿ ಸ್ಟಾರ್ಟರ್ ಅಸೆಂಬ್ಲಿ. ಉತ್ತರದವರ 'ಶಾಕರ್' ಶಾಕ್ ಅಬ್ಸಾರ್ಬರ್. ಬಾನೆಟ್ ಅನ್ನು ಜಪಾನಿ ಮೂಲದ ಕ್ಯಾಟಲಾಗ್‌ಗಳಲ್ಲಿ ಹುಡುಕಬೇಕಾದ ಹೆಸರು 'ಹುಡ್'. ಅದಕ್ಕೇ ಚಿತ್ರ ಮುಖ್ಯ. ಹೆಸರು ಗೊತ್ತಿಲ್ಲದಿದ್ದರೂ ಚಿತ್ರದಲ್ಲಿ ಬೆರಳಿಟ್ಟು ತೋರಿಸಬಹುದು, ಪಕ್ಕದ ಪಟ್ಟಿಯಲ್ಲಿ ನಂಬರ್ ಸಿಗುತ್ತದೆ.

ಎಡ, ಬಲದ ವಿಷಯದಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗಲಿಕ್ಕಿಲ್ಲ. ಕ್ಯಾಟಲಾಗ್‌ನಲ್ಲಿ ಎಡ, ಬಲ ಎಂದರೆ ಚಾಲಕನ ಸೀಟಿನಲ್ಲಿ ಮುಂದಕ್ಕೆ ನೋಡುತ್ತಾ ಕುಳಿತವರ ಎಡ, ಬಲ. ಬಂಪರ್ ಎದುರು ನಿಂತು ಫೋನಿನಲ್ಲಿ "ಎಡಗಡೆ ಹೆಡ್‌ಲೈಟ್ ಕಳಿಸಿ" ಎಂದರೆ ಬರುವುದು ಇನ್ನೊಂದು ಕಡೆಯದು. ಭಾರತದಲ್ಲಿ ಬಲ ಎಂದರೆ ಡ್ರೈವರ್ ಬದಿ ಎಂದು ನೆನಪಿಟ್ಟುಕೊಂಡರೆ ಸಾಕು.

ಪಾರ್ಟ್ ನಂಬರ್ ಕೂಡ ಮನಸ್ಸಿಗೆ ಬಂದಂತೆ ಕೊಟ್ಟ ಅಂಕಿಯಲ್ಲ. ಟೊಯೊಟಾದಲ್ಲಿ ಮೊದಲ ಐದು ಅಂಕಿ ಭಾಗದ ಜಾತಿಯನ್ನು ಹೇಳುತ್ತವೆ. 04465 ಎಂದರೆ ಮುಂದಿನ ಡಿಸ್ಕ್ ಬ್ರೇಕ್ ಪ್ಯಾಡ್, 04466 ಎಂದರೆ ಹಿಂದಿನದು. ಹ್ಯುಂಡೈಯಲ್ಲಿ ಮುಂದಿನ ಪ್ಯಾಡ್ 58101, ಹಿಂದಿನದು 58302. ಉಳಿದ ಅಂಕಿಗಳು ಅದು ಯಾವ ಮಾದರಿಗೆ ಎಂದು ಹೇಳುತ್ತವೆ. ಫೋಕ್ಸ್‌ವ್ಯಾಗನ್ ಪದ್ಧತಿ ಬೇರೆ. ಅಲ್ಲಿ ಮೊದಲ ಮೂರು ಅಕ್ಷರ ಮಾದರಿ ಅಥವಾ ಎಂಜಿನ್, ನಡುವಿನ ಮೂರು ಅಂಕಿ ಗುಂಪು, ಕೊನೆಯ ಮೂರು ನಿರ್ದಿಷ್ಟ ಭಾಗ. ನಡುವಿನ ಗುಂಪು 1ರಿಂದ ಶುರುವಾದರೆ ಎಂಜಿನ್, 6 ಎಂದರೆ ಚಕ್ರ ಮತ್ತು ಬ್ರೇಕ್, 8 ಎಂದರೆ ಬಾಡಿ, 9 ಎಂದರೆ ಎಲೆಕ್ಟ್ರಿಕಲ್. ಹಾಗಾಗಿ ಯಾವ ಮಾದರಿಯೇ ಇರಲಿ, 698 151 ಕಂಡರೆ ಮುಂದಿನ ಬ್ರೇಕ್ ಪ್ಯಾಡ್ ಎಂದು ಕೌಂಟರಿನಲ್ಲಿರುವವರು ಕಣ್ಣುಮುಚ್ಚಿ ಹೇಳುತ್ತಾರೆ.

ಗ್ರಾಹಕರಿಗೆ ಕೋಪ ತರಿಸುವ ಸಂಗತಿಯೂ ಈ ಚಿತ್ರಗಳಲ್ಲೇ ಇದೆ. ಕೆಲವು ಭಾಗಗಳಿಗೆ ಪ್ರತ್ಯೇಕ ನಂಬರೇ ಇರುವುದಿಲ್ಲ. ಹೆಡ್‌ಲೈಟಿನ ಒಂದು ಪ್ಲಾಸ್ಟಿಕ್ ಕಿವಿ ಮುರಿದರೂ ಇಡೀ ಹೆಡ್‌ಲೈಟ್ ಕೊಳ್ಳಬೇಕಾಗಿ ಬರುವುದು, ವ್ಹೀಲ್ ಬೇರಿಂಗ್ ಹೋದರೆ ಹಬ್ ಸಮೇತ ಹಾಕಬೇಕಾಗುವುದು ಇದರಿಂದಲೇ. ಇಂಥ ಸಂದರ್ಭದಲ್ಲಿ ಮೆಕ್ಯಾನಿಕ್ ಮೋಸ ಮಾಡುತ್ತಿದ್ದಾರೆ ಎಂದುಕೊಳ್ಳುವ ಮೊದಲು ಕ್ಯಾಟಲಾಗ್ ಪುಟ ತೋರಿಸಿ ಎಂದು ಕೇಳಬಹುದು. ಆ ಭಾಗ ಬಿಡಿಯಾಗಿ ಸಿಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ನಂಬರ್ ಬದಲಾಗುತ್ತಲೇ ಇರುತ್ತದೆ

ಕಂಪನಿಗಳು ಒಂದು ಭಾಗವನ್ನು ಸುಧಾರಿಸಿದಾಗ ಹಳೆಯ ನಂಬರ್ ನಿಲ್ಲಿಸಿ ಹೊಸದನ್ನು ಕೊಡುತ್ತವೆ. ಹ್ಯುಂಡೈ, ಕಿಯಾ ಪೆಟ್ರೋಲ್ ಕಾರುಗಳ ಒಂದು ಪ್ರಸಿದ್ಧ ಆಯಿಲ್ ಫಿಲ್ಟರ್ ಇದೆ. ಅದರ ನಂಬರ್ 26300-35503 ಇದ್ದದ್ದು 35504 ಆಯಿತು, ಆಮೇಲೆ 35505 ಆಯಿತು. ಹಳೆಯ ಬಿಲ್ ಹಿಡಿದು ಹೋದವರಿಗೆ "ಆ ನಂಬರ್ ಬರಲ್ಲ" ಎನ್ನುವ ಉತ್ತರ ಸಿಗಬಹುದು. ವಸ್ತು ಮಾತ್ರ ಎದುರಿನ ಕಪಾಟಿನಲ್ಲೇ ಇರುತ್ತದೆ.

ಒಳ್ಳೆಯ ಇಪಿಸಿಯಲ್ಲಿ ಹಳೆಯ ನಂಬರ್ ಹಾಕಿದರೂ ಅದು ಹೊಸ ನಂಬರಿಗೆ ಕರೆದೊಯ್ಯುತ್ತದೆ. ಇದರಲ್ಲೂ ಎರಡು ಬಗೆ. ಹಳೆಯದರ ಜಾಗದಲ್ಲಿ ಹೊಸದು, ಹೊಸದರ ಜಾಗದಲ್ಲಿ ಹಳೆಯದು ಎರಡೂ ಕೂರುವುದು ಒಂದು ಬಗೆ. ಹೊಸದು ಹಳೆಯ ಕಾರಿಗೆ ಕೂತರೂ ಹಳೆಯದು ಹೊಸ ಕಾರಿಗೆ ಕೂರದಿರುವುದು ಇನ್ನೊಂದು. ಈ ಸೂಕ್ಷ್ಮವನ್ನು ನೋಡದೆ ಹಳೆ ಸ್ಟಾಕ್ ಖಾಲಿ ಮಾಡಲು ಹೊರಟರೆ ಕೆಲಸ ಕೆಡುತ್ತದೆ.

ಒಂದೇ ಪಾರ್ಟ್, ಎರಡು ಡಬ್ಬಿ

ಟೊಯೊಟಾ ಗ್ಲಾಂಜಾ ಮೂಲತಃ ಮಾರುತಿ ಬಲೆನೊ ಎನ್ನುವುದು ಕಾರುಪ್ರಿಯರಿಗೆಲ್ಲ ಗೊತ್ತು. 2019ರಲ್ಲಿ ಅದು ಮಾರುಕಟ್ಟೆಗೆ ಬಂದಾಗಿನಿಂದ ಎರಡು ಕಾರುಗಳ ಯಂತ್ರಭಾಗಗಳು ಬಹುಪಾಲು ಒಂದೇ. ಆದರೆ ಪೊಟ್ಟಣ ಬೇರೆ, ನಂಬರ್ ಬೇರೆ, ಬೆಲೆಯೂ ಬೇರೆ ಇರಬಹುದು. ಅದಕ್ಕೂ ಹಿಂದಿನ ಉದಾಹರಣೆ ಫಿಯೆಟ್ ಮೂಲದ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್. ಸ್ವಿಫ್ಟ್, ಡಿಸೈರ್, ಟಾಟಾ ಇಂಡಿಕಾ ವಿಸ್ಟಾ, ಫಿಯೆಟ್ ಪುಂಟೊ ಎಲ್ಲದರಲ್ಲೂ ಇದ್ದದ್ದು ಅದೇ. ಫಿಯೆಟ್ ಕಾರುಗಳ ಮಾರಾಟ ಭಾರತದಲ್ಲಿ ನಿಂತ ಮೇಲೆ ಪುಂಟೊ ಇಟ್ಟುಕೊಂಡವರು ಟಾಟಾ, ಮಾರುತಿ ಕೌಂಟರುಗಳಲ್ಲಿ ಎಂಜಿನ್ ಭಾಗಗಳನ್ನು ಹುಡುಕಿಕೊಳ್ಳಲು ಸಾಧ್ಯವಾಗಿದ್ದು ಹೀಗೆ. ಎಲ್ಲವೂ ಹೊಂದುತ್ತದೆ ಎಂದಲ್ಲ. ಎಂಜಿನ್ ಒಂದೇ ಆದರೂ ಮೌಂಟಿಂಗ್, ಹೋಸ್ ಪೈಪು, ಕಂಟ್ರೋಲ್ ಯೂನಿಟ್ ಬೇರೆ ಬೇರೆಯಾಗಿರುತ್ತವೆ.

ಇಂಥ ಹೋಲಿಕೆಯನ್ನು ವ್ಯವಸ್ಥಿತವಾಗಿ ಮಾಡುವುದು ಎರಡನೇ ಬಗೆಯ ಕ್ಯಾಟಲಾಗ್. ಜರ್ಮನಿಯಲ್ಲಿ 1990ರ ದಶಕದಲ್ಲಿ ಶುರುವಾದ ಟೆಕ್‌ಡಾಕ್ ಇದರಲ್ಲಿ ದೊಡ್ಡ ಹೆಸರು. ಕಾರು ಕಂಪನಿಯ ನಂಬರ್ ಹಾಕಿದರೆ ಬೇರೆ ಬೇರೆ ಬಿಡಿಭಾಗ ತಯಾರಕರು ಅದಕ್ಕೆ ಸಮನಾಗಿ ಮಾಡುವ ಭಾಗಗಳ ಪಟ್ಟಿ ಬರುತ್ತದೆ. ಬೆಂಗಳೂರಿಗರಿಗೆ ಮೈಕೋ ಎಂದೇ ಪರಿಚಿತವಾಗಿದ್ದ ಬಾಷ್ ಸೇರಿದಂತೆ ದೊಡ್ಡ ತಯಾರಕರು ತಮ್ಮದೇ ಆನ್‌ಲೈನ್ ಕ್ಯಾಟಲಾಗ್ ಇಟ್ಟಿದ್ದಾರೆ. ಭಾರತದಲ್ಲಿ ಬೂಡ್ಮೋದಂಥ ಮಾರಾಟ ತಾಣಗಳು ಚಿತ್ರಸಹಿತ ಕ್ಯಾಟಲಾಗ್ ಅನ್ನು ಸಾಮಾನ್ಯ ಗ್ರಾಹಕರ ಮುಂದೆಯೇ ತೆರೆದಿಟ್ಟಿವೆ. ಮೊದಲು ಕೌಂಟರಿನ ಹಿಂದಷ್ಟೇ ಕಾಣುತ್ತಿದ್ದ ಬೆಲೆ ಈಗ ಮೊಬೈಲ್‌ನಲ್ಲಿ ಕಾಣುವುದರಿಂದ ಚೌಕಾಸಿಯ ಧಾಟಿಯೇ ಬದಲಾಗಿದೆ.

ನಕಲಿ ಸಾಫ್ಟ್‌ವೇರ್‌ಗಳ ಹಾವಳಿಯೂ ಇದೆ. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಹೋಗುವ ಕದ್ದ ಇಪಿಸಿ ಪ್ರತಿಗಳು ಹಳೆಯವಾಗಿರುತ್ತವೆ, ವೈರಸ್ ಹೊತ್ತು ತರುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಅವುಗಳಲ್ಲಿ ಅನೇಕವು ಯುರೋಪ್ ಅಥವಾ ಜಪಾನ್ ಮಾರುಕಟ್ಟೆಯ ಮಾಹಿತಿ. ಅದೇ ಹೆಸರಿನ ಕಾರು ಭಾರತದಲ್ಲಿ ಬೇರೆ ಸಸ್ಪೆನ್ಷನ್, ಬೇರೆ ರೇಡಿಯೇಟರ್ ಹೊತ್ತು ಓಡುತ್ತಿರುತ್ತದೆ.

ಬೇಸಿಗೆ 45 ಡಿಗ್ರಿ, ಕಪಾಟಿನಲ್ಲಿ ಏನಿರಬೇಕು?

ವಿದರ್ಭದ ಬೇಸಿಗೆ ಹೆಸರುವಾಸಿ. ನಾಗಪುರದಲ್ಲಿ ಮೇ ತಿಂಗಳಲ್ಲಿ ಉಷ್ಣಾಂಶ 45 ಡಿಗ್ರಿ ದಾಟುವುದು ಅಪರೂಪವೇನಲ್ಲ. ರೇಡಿಯೇಟರ್ ಹೋಸ್, ಥರ್ಮೋಸ್ಟಾಟ್, ಕೂಲಿಂಗ್ ಫ್ಯಾನ್ ಮೋಟಾರ್, ಎಸಿ ಕಂಪ್ರೆಸರ್, ಬ್ಯಾಟರಿ ಇವೆಲ್ಲ ಕೈಕೊಡುವ ಕಾಲ ಅದು. ಬೆಂಗಳೂರಿನ ಹವೆಯಲ್ಲಿ ಎರಡು ವರ್ಷ ದೂಡಬಹುದಾದ ಸವೆದ ಹೋಸ್ ಪೈಪು ಇಲ್ಲಿ ಒಂದು ಮಧ್ಯಾಹ್ನಕ್ಕೆ ಒಡೆಯಬಹುದು. ಹಾಗಾಗಿ ಇಲ್ಲಿನ ಬಿಡಿಭಾಗದ ಅಂಗಡಿ ಮಾರ್ಚ್ ಹೊತ್ತಿಗೇ ಇವುಗಳನ್ನು ತುಂಬಿಸಿಕೊಳ್ಳಬೇಕು. ಜೂನ್ ಮಧ್ಯದಿಂದ ವೈಪರ್ ಬ್ಲೇಡ್, ಬ್ರೇಕ್‌ಗೆ ಬೇಡಿಕೆ.

ಸ್ಟಾಕ್ ನಿರ್ವಹಣೆಯ ಲೆಕ್ಕ ಕಷ್ಟದ್ದಲ್ಲ. ದಿನಕ್ಕೆ ನಾಲ್ಕು ಆಯಿಲ್ ಫಿಲ್ಟರ್ ಖರ್ಚಾಗುತ್ತದೆ, ಆರ್ಡರ್ ಮಾಡಿದರೆ ಬರಲು ಮೂರು ದಿನ ಬೇಕು ಎಂದಿಟ್ಟುಕೊಳ್ಳಿ. ಆ ಮೂರು ದಿನಕ್ಕೆ 12 ಬೇಕು. ಅಡಚಣೆಗೆಂದು ಆರು ಹೆಚ್ಚುವರಿ ಇಟ್ಟರೆ, ಕಪಾಟಿನಲ್ಲಿ 18 ಉಳಿದಾಗಲೇ ಮುಂದಿನ ಆರ್ಡರ್ ಹೋಗಬೇಕು. ನೂರಾರು ಭಾಗಗಳಿಗೆ ಇದನ್ನು ತಲೆಯಲ್ಲಿ ಇಟ್ಟುಕೊಳ್ಳಲಾಗದು. ಆದ್ದರಿಂದ ಕ್ಯಾಟಲಾಗ್ ನಂಬರಿಗೆ ಸ್ಟಾಕ್ ಸಾಫ್ಟ್‌ವೇರ್ ಜೋಡಿಸುತ್ತಾರೆ. ಬಿಲ್ ಆದ ಕೂಡಲೇ ಒಂದು ಕಡಿಮೆಯಾಗುತ್ತದೆ, ಮಿತಿ ಮುಟ್ಟಿದರೆ ಎಚ್ಚರಿಕೆ ಬರುತ್ತದೆ.

ಪಾರ್ಟ್ಸ್ ವ್ಯಾಪಾರದಲ್ಲಿ ನಿಜವಾದ ನಷ್ಟ ಬರುವುದು ಮಾರಾಟವಾಗದೆ ಉಳಿದ ಮಾಲಿನಿಂದ. ಯಾವುದೋ ಕಾರಿಗೆಂದು ತಪ್ಪಾಗಿ ತರಿಸಿದ ಗೇರ್‌ಬಾಕ್ಸ್ ಭಾಗ, ವಾಪಸ್ ತೆಗೆದುಕೊಳ್ಳದ ಎಲೆಕ್ಟ್ರಿಕಲ್ ಸಾಮಾನು, ಮಾದರಿ ನಿಂತುಹೋದ ಬಂಪರ್‌ಗಳು ವರ್ಷಗಟ್ಟಲೆ ಧೂಳು ಹಿಡಿಯುತ್ತವೆ. ಆ ದುಡ್ಡು ಬ್ಯಾಂಕಿನಲ್ಲಿ ಇದ್ದಿದ್ದರೆ ಬಡ್ಡಿಯಾದರೂ ಬರುತ್ತಿತ್ತು. ನಂಬರ್ ಬದಲಾದಾಗ ಇನ್ನೊಂದು ಬಗೆಯ ತಮಾಷೆ ನಡೆಯುತ್ತದೆ. ಹಳೆಯ ನಂಬರಿನ ಹತ್ತು ಫಿಲ್ಟರ್ ಒಂದು ಮೂಲೆಯಲ್ಲಿರುತ್ತವೆ, ಹೊಸ ನಂಬರಿನಲ್ಲಿ ಕಂಪ್ಯೂಟರ್ ಸೊನ್ನೆ ತೋರಿಸುತ್ತದೆ, ಅಂಗಡಿಯವರು ಮತ್ತೆ ಹತ್ತು ತರಿಸುತ್ತಾರೆ. ಎರಡೂ ನಂಬರುಗಳನ್ನು ಒಂದೇ ವಸ್ತು ಎಂದು ಕಟ್ಟಿಹಾಕುವ ಕ್ಯಾಟಲಾಗ್ ಇಲ್ಲದಿದ್ದರೆ ಇದು ತಪ್ಪುವುದಿಲ್ಲ.

ಕ್ಯಾಟಲಾಗ್‌ನಲ್ಲಿ ತೆರಿಗೆಯ ವಿವರವೂ ಸೇರಿದೆ. 2025ರ ಸೆಪ್ಟೆಂಬರ್ 22ರಿಂದ ಎಲ್ಲ ವಾಹನ ಬಿಡಿಭಾಗಗಳಿಗೆ ಏಕರೂಪವಾಗಿ ಶೇ.18 ಜಿಎಸ್‌ಟಿ ಜಾರಿಯಾಯಿತು. ಅದಕ್ಕೂ ಮೊದಲು ಅನೇಕ ಭಾಗಗಳಿಗೆ ಶೇ.28 ಇತ್ತು. ಒಂದು ರಾತ್ರಿಯಲ್ಲಿ ಸಾವಿರಾರು ನಂಬರುಗಳ ಬೆಲೆ ಬದಲಾಯಿಸಬೇಕಾದ ಕೆಲಸ ಮುದ್ರಿತ ಪುಸ್ತಕದಲ್ಲಾದರೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು.

ಅಪಘಾತವಾದರೆ ಈ ಪಟ್ಟಿಯೇ ನಿರ್ಣಾಯಕ

ವಿಮೆ ಕ್ಲೇಮ್‌ನಲ್ಲಿ ಇಪಿಸಿಯ ಪಾತ್ರವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಗ್ಯಾರೇಜ್ ಕೊಡುವ ಎಸ್ಟಿಮೇಟ್‌ನಲ್ಲಿ ಪ್ರತಿ ಭಾಗದ ನಂಬರ್, ಬೆಲೆ ಇರುತ್ತದೆ. ಸರ್ವೇಯರ್ ಅದನ್ನು ಪರಿಶೀಲಿಸುತ್ತಾರೆ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳು, ಟೈರ್, ಬ್ಯಾಟರಿಗೆ ಶೇ.50 ಸವಕಳಿ ಕಡಿತವಾಗುತ್ತದೆ. ಫೈಬರ್ ಗ್ಲಾಸ್ ಭಾಗಗಳಿಗೆ ಶೇ.30, ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ ಕಡಿತ ಏರುತ್ತಾ ಹೋಗುತ್ತದೆ. ಎರಡರಿಂದ ಮೂರು ವರ್ಷದ ಕಾರಿಗೆ ಶೇ.15, ಐದರಿಂದ ಹತ್ತು ವರ್ಷದ ಕಾರಿಗೆ ಶೇ.40. ಜೀರೊ ಡೆಪ್ರಿಸಿಯೇಷನ್ ಪಾಲಿಸಿ ಇದ್ದರೆ ಈ ಕಡಿತದಿಂದ ರಕ್ಷಣೆ ಸಿಗುತ್ತದೆ.

ರಿಪೇರಿ ವೆಚ್ಚ ಕಾರಿನ ವಿಮಾ ಮೌಲ್ಯದ ಶೇ.75 ದಾಟಿದರೆ ಅದನ್ನು ಪೂರ್ತಿ ನಷ್ಟ ಎಂದು ಪರಿಗಣಿಸುತ್ತಾರೆ. ಹತ್ತು ವರ್ಷದ ಕಾರಿನ ಏರ್‌ಬ್ಯಾಗ್, ಡ್ಯಾಶ್‌ಬೋರ್ಡ್, ಹೆಡ್‌ಲೈಟ್‌ಗಳ ಪಟ್ಟಿ ಬೆಲೆ ಸೇರಿಸಿದರೆ ಆ ಗೆರೆ ಬೇಗ ಬರುತ್ತದೆ. ಎಂಜಿನ್ ಚೆನ್ನಾಗಿದ್ದರೂ ಕಾರು ಗುಜರಿಗೆ ಹೋಗಬೇಕೋ ರಸ್ತೆಗೆ ಮರಳಬೇಕೋ ಎನ್ನುವುದು ಕ್ಯಾಟಲಾಗ್‌ನ ಕೆಲವು ಸಾಲುಗಳ ಮೇಲೆ ನಿಂತಿರುತ್ತದೆ.

ಮಾಹಿತಿ ಯಾರದು?

ಕಂಪನಿಯ ಅಧಿಕೃತ ವರ್ಕ್‌ಶಾಪ್‌ಗೆ ಈ ಮಾಹಿತಿ ಸುಲಭವಾಗಿ ಸಿಗುತ್ತದೆ. ರಸ್ತೆಬದಿಯ ಗ್ಯಾರೇಜಿಗೆ ಸಿಗಬೇಕೇ ಬೇಡವೇ ಎನ್ನುವುದು ದೊಡ್ಡ ಜಗಳವೇ ಆಗಿತ್ತು. ಗ್ರಾಹಕರೊಬ್ಬರು 2011ರಲ್ಲಿ ಕೊಟ್ಟ ದೂರಿನಿಂದ ಶುರುವಾದ ತನಿಖೆಯಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ಮಹತ್ವದ ಆದೇಶ ಹೊರಡಿಸಿತು. ಬಿಡಿಭಾಗಗಳು, ದೋಷಪತ್ತೆ ಉಪಕರಣಗಳು ಮತ್ತು ತಾಂತ್ರಿಕ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಇವುಗಳನ್ನು ಹೊರಗಿನ ಗ್ಯಾರೇಜುಗಳಿಗೂ ಸಿಗುವಂತೆ ಮಾಡಬೇಕು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು, ದಂಡದ ಲೆಕ್ಕಾಚಾರದ ಬಗ್ಗೆ ವರ್ಷಗಳ ಕಾಲ ವಾದ ನಡೆಯಿತು. ಯುರೋಪ್‌ನಲ್ಲಿ 2020ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಶುಲ್ಕ ಕಟ್ಟಿದ ಸ್ವತಂತ್ರ ಗ್ಯಾರೇಜಿಗೂ ಚಾಸಿ ನಂಬರ್ ಆಧಾರದ ಬಿಡಿಭಾಗ ಮಾಹಿತಿ ಕೊಡಲೇಬೇಕು.

ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ಮೊಬೈಲ್, ಗೃಹೋಪಯೋಗಿ ವಸ್ತು, ಕೃಷಿ ಉಪಕರಣಗಳ ಜೊತೆ ವಾಹನ ಕ್ಷೇತ್ರವೂ ಅದರಲ್ಲಿದೆ. ಪೋರ್ಟಲ್ ಇದೆ ಎಂಬ ಸಂಗತಿ ಕಾರು ಮಾಲೀಕರಲ್ಲಿ ಎಷ್ಟು ಮಂದಿಗೆ ಗೊತ್ತು ಎಂಬುದೇ ಬೇರೆ ಮಾತು.

ಬೆಂಗಳೂರಿನಲ್ಲಿ ಹುಟ್ಟಿ ನಾಗಪುರದಲ್ಲಿ ಓಡಿದ ಕಾರು

2017ರ ಮೇ 26ರಂದು ನಾಗಪುರದಲ್ಲಿ ಓಲಾ ಕಂಪನಿ ಸುಮಾರು 200 ಎಲೆಕ್ಟ್ರಿಕ್ ವಾಹನಗಳ ಸೇವೆ ಆರಂಭಿಸಿತು. ಅದರಲ್ಲಿದ್ದ ಮಹೀಂದ್ರ ಇ2ಒ ಪ್ಲಸ್ ಕಾರುಗಳ ಮೂಲ ಬೆಂಗಳೂರಿನ ರೇವಾ. ಚೇತನ್ ಮೈನಿ ಅವರ ರೇವಾ ಕಂಪನಿಯನ್ನು ಮಹೀಂದ್ರ 2010ರಲ್ಲಿ ತನ್ನದಾಗಿಸಿಕೊಂಡಿತ್ತು. ಈಗ ಆ ಮಾದರಿಯ ತಯಾರಿಕೆ ನಿಂತಿದೆ.

ಇಂಥ ಕಾರುಗಳು ಕ್ಯಾಟಲಾಗ್‌ಗೆ ಹೊಸ ಸವಾಲು. ಎಲೆಕ್ಟ್ರಿಕ್ ಕಾರಿನಲ್ಲಿ ಎಂಜಿನ್ ಆಯಿಲ್, ಫಿಲ್ಟರ್, ಕ್ಲಚ್ ಇಲ್ಲದಿರುವುದರಿಂದ ಸವೆಯುವ ಭಾಗಗಳ ಪಟ್ಟಿ ಚಿಕ್ಕದು. ಆದರೆ ಬ್ಯಾಟರಿ ಪ್ಯಾಕ್, ಮೋಟಾರ್ ಕಂಟ್ರೋಲರ್‌ನಂಥ ಭಾಗಗಳಿಗೆ ಜೆಸಿ ರಸ್ತೆಯಲ್ಲಾಗಲಿ ಬೇರೆಲ್ಲೇ ಆಗಲಿ ಪರ್ಯಾಯ ಸಿಗುವುದು ಕಷ್ಟ. ಹಾಕಿದ ಮೇಲೆ ಆ ಕಾರಿನ ಚಾಸಿ ನಂಬರಿಗೆ ಸಾಫ್ಟ್‌ವೇರ್ ಹೊಂದಿಸಬೇಕು. ಪೆಟ್ರೋಲ್ ಕಾರುಗಳ ಎಂಜಿನ್ ಕಂಟ್ರೋಲ್ ಯೂನಿಟ್, ಚಿಪ್ ಇರುವ ಕೀ ವಿಷಯದಲ್ಲೂ ಇದೇ ಕಥೆ. ಅಲ್ಲಿ ನಂಬರ್ ಹೊಂದಿದರಷ್ಟೇ ಸಾಲದು, ಕಂಪನಿಯ ಸ್ಕ್ಯಾನರ್ ಕೂಡ ಬೇಕು.

ಪ್ರಯಾಣಕ್ಕೆ ಮುನ್ನ ಏನು ಮಾಡಬಹುದು?

ಮೊದಲನೆಯದಾಗಿ ಪೂರ್ತಿ ಚಾಸಿ ನಂಬರ್ ಕೈಯಲ್ಲಿರಲಿ. ಎಂಪರಿವಾಹನ್ ಆ್ಯಪ್‌ನಲ್ಲಿ ಬೇರೆಯವರ ವಾಹನ ಹುಡುಕಿದರೆ ಕೆಲವು ಅಂಕಿಗಳು ಮುಚ್ಚಿರುತ್ತವೆ. ಆದ್ದರಿಂದ ಸ್ವಂತ ಆರ್‌ಸಿಯ ಸ್ಪಷ್ಟ ಫೋಟೊ, ಕಾರಿನ ಮೇಲಿರುವ ಚಾಸಿ ನಂಬರಿನ ಫೋಟೊ ಎರಡನ್ನೂ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ದೂರದ ಊರಿನಲ್ಲಿ ಗಾಡಿ ಕೆಟ್ಟಾಗ ಬೆಂಗಳೂರಿನ ನಿಮ್ಮ ಪರಿಚಿತ ಅಂಗಡಿಯವರಿಗೆ ಅದನ್ನು ಕಳಿಸಿದರೂ ಸರಿಯಾದ ನಂಬರ್ ಹೇಳಬಲ್ಲರು.

ಎಸ್ಟಿಮೇಟ್ ಕೇಳುವಾಗ ಭಾಗದ ಹೆಸರಿನ ಜೊತೆ ಪಾರ್ಟ್ ನಂಬರ್ ಬರೆಸಿಕೊಳ್ಳಿ. "ಬ್ರೇಕ್ ಪ್ಯಾಡ್ ಒಂದು ಸೆಟ್" ಎಂದಷ್ಟೇ ಇದ್ದರೆ ಕಂಪನಿಯದೋ, ಅದೇ ತಯಾರಕರ ಬೇರೆ ಡಬ್ಬಿಯದೋ, ಡೂಪ್ಲಿಕೇಟೋ ಗೊತ್ತಾಗುವುದಿಲ್ಲ. ನಂಬರ್ ಇದ್ದರೆ ಪೊಟ್ಟಣದ ಮೇಲಿನ ನಂಬರ್ ಮತ್ತು ಎಂಆರ್‌ಪಿ ಎರಡನ್ನೂ ಹೋಲಿಸಬಹುದು. ಪೊಟ್ಟಣದ ಮೇಲೆ ಎಂಆರ್‌ಪಿ ಮುದ್ರಿಸುವುದು ಕಾನೂನು ಪ್ರಕಾರ ಕಡ್ಡಾಯ.

ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ವಿಮೆ ಕ್ಲೇಮ್ ಆಗಿದ್ದರೆ ಮಾತ್ರ ಅದನ್ನು ಸರ್ವೇಯರ್ ಕೇಳಬಹುದು. ಸೆನ್ಸರ್, ರಿಲೇ, ಕಂಟ್ರೋಲ್ ಯೂನಿಟ್‌ನಂಥ ಎಲೆಕ್ಟ್ರಿಕಲ್ ಸಾಮಾನನ್ನು ಪೊಟ್ಟಣ ಒಡೆದ ಮೇಲೆ ಹೆಚ್ಚಿನ ಅಂಗಡಿಗಳು ವಾಪಸ್ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಹಳೆಯ ಭಾಗದ ಮೇಲೆ ಕೆತ್ತಿರುವ ನಂಬರನ್ನು ಹೊಸ ಡಬ್ಬಿಯ ನಂಬರಿನ ಜೊತೆ ಇಟ್ಟು ನೋಡಿ. ಎರಡೂ ಬೇರೆಯಾಗಿದ್ದರೆ ಹಳೆಯದು ಬದಲಾಗಿ ಹೊಸ ನಂಬರ್ ಬಂದಿದೆಯೇ ಎಂದು ಕ್ಯಾಟಲಾಗ್‌ನಲ್ಲಿ ತೋರಿಸುವಂತೆ ಕೌಂಟರಿನಲ್ಲೇ ಕೇಳಿ, ಆಮೇಲೆ ಪೊಟ್ಟಣ ಒಡೆಯಿರಿ.